ನೀರಿಗೆ ಬಿಟ್ಟ ಕಿಂಡಿ

ಸೂಗಪ್ಪನ ಮನೆಯಲ್ಲಿ ಉಪ್ಪಿಗೆ ಬರ ಬಂದದ್ದುಂಟು, ಎಣ್ಣೆಗೆ ಬರ ಬಂದದ್ದುಂಟು. ಕಲ್ಲಿಗೆ ಮಾತ್ರ ಎಂದೂ ಬಂದಿರಲಿಲ್ಲ. ಕೂಡಲು ಕಲ್ಲು, ಕುಟ್ಟಲು ಕಲ್ಲು, ಕೋಳಿ ಮುಚ್ಚಿದ ಬುಟ್ಟಿಯ ಮೇಲೂ ಒಂದು ಕಲ್ಲು. ರಾಯಚೂರಿನ ಕೆರೆ ದಂಡೆಯಲ್ಲಿ ಯಾರ ತೋಟಕ್ಕೆ, ಯಾರ ಬಂಗಲೆಗೆ ಗೋಡೆ ಬೇಕಾದರೂ ಅವನಿಗೇ ಹೇಳಿ ಕಳಿಸುತ್ತಿದ್ದರು. ದಂಡೆಯ ನೆಲವೆಲ್ಲ ಇಳಿಜಾರು. ಅಲ್ಲಿ ಅಂಗಳವೆಂಬುದು ಬೇಕಾದರೆ ನೀರಿನ ಕಡೆಯಿಂದ ಗೋಡೆ ಎಬ್ಬಿಸಿ, ಅದರ ಬೆನ್ನಿಗೆ ಮಣ್ಣು ತುಂಬಿ ಸಮ ಮಾಡಬೇಕು. ಗೋಡೆ ನಿಂತರೆ ಮನೆ ನಿಂತಿತು, ಗೋಡೆ ಹೋದರೆ ಮನೆಯೂ ಕೆರೆಗೆ ಹೋಯಿತು. ಸೂಗಪ್ಪ ಸುಣ್ಣವಿಲ್ಲದೆ, ಗಾರೆಯಿಲ್ಲದೆ ಬರೀ ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟುತ್ತಿದ್ದ. ಅವನು ಕಟ್ಟಿದ್ದು ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ.

ಅವನ ಸ್ವಂತ ಮನೆಯೂ ಅದೇ ದಂಡೆಯ ಮೇಲಿತ್ತು. ಮಗಳು ವೆಂಕಮ್ಮ ಹುಟ್ಟಿದ ವರ್ಷ ಆ ಮನೆಯ ಗೋಡೆ ಎದ್ದದ್ದು. ಅದರ ಒಂದೊಂದು ಕಲ್ಲನ್ನೂ ಹೊತ್ತವಳು ಹೆಂಡತಿ ಬಸ್ಸಮ್ಮ. ಹಳೆಯ ಸೀರೆಯ ತುಂಡನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಸಿಂಬಿಯ ಮೇಲೆ ಕಲ್ಲಿಟ್ಟು, ಕೂಸನ್ನು ಬೇವಿನ ಗಿಡದ ಜೋಳಿಗೆಯಲ್ಲಿ ಬಿಟ್ಟು ಇಳಿಜಾರು ಹತ್ತಿ ಇಳಿದಿದ್ದಳು. ನೆತ್ತಿಯ ಮೇಲೆ ಕೂದಲು ತೆಳ್ಳಗಾದದ್ದು ಅಲ್ಲಿಂದ. ಆದ್ದರಿಂದ ಆ ಗೋಡೆಯನ್ನು ಬೈಯುವ ಹಕ್ಕೂ ತನಗೇ ಇದೆ ಎಂದು ಅವಳು ತಿಳಿದಿದ್ದಳು.

ಬೈಯುವ ಪ್ರಸಂಗ ಎಪ್ಪತ್ತೊಂಬತ್ತರ ಸಂಕ್ರಾಂತಿ ಕಳೆದ ಮೇಲೆ ಬಂತು. ವೆಂಕಮ್ಮನನ್ನು ನೋಡಲು ಗಂಡಿನವರು ಬಂದರು. ಹುಡುಗ ತಾಯಣ್ಣ ಮಲ್ಲಟದವನು, ದೇವದುರ್ಗದ ಸಾಲೆಯಲ್ಲಿ ಮಾಸ್ತರ. ಕೂಲಿ ಮಾಡುವವರ ಕುಲದಲ್ಲಿ ಮಾಸ್ತರ ಅಳಿಯ ಸಿಗುವುದೆಂದರೆ ಬಾಗಿಲಿಗೆ ಬಂದ ಭಾಗ್ಯ. ಜೊತೆಗೆ ಹುಡುಗನ ಸೋದರಮಾವ ಬಂದಿದ್ದ. ಮಾನ್ವಿಯ ಕಚೇರಿಯಲ್ಲಿ ಜವಾನನಾಗಿದ್ದು, ಸಾಹೇಬರಿಗಿಂತ ಹೆಚ್ಚು ಇಸ್ತ್ರಿ ಮಾಡಿದ ಅಂಗಿ ತೊಡುವವನು. ಕೆರೆಯ ಕೆಳದಾರಿಯಿಂದ ಬಂದವನು ಮೆಟ್ಟಿಲು ಹತ್ತುವ ಮೊದಲು ಗೋಡೆಯ ಮುಂದೆ ನಿಂತ. ಸಂದಿಗಳಿಂದ ತೇವ ಒಸರಿ ಪಾಚಿ ಹಬ್ಬಿತ್ತು, ಹಲ್ಲಿ ಓತಿಗಳು ಓಡಾಡುತ್ತಿದ್ದವು.

"ಬೀಗರ ಗ್ವಾಡಿ ಬೆವರಾಕತ್ತದಲ್ಲ" ಅಂದ.

ಬಂದವರೆಲ್ಲ ನಕ್ಕರು. ಹೆಣ್ಣು ಒಪ್ಪಿಗೆಯಾಯಿತು, ವೈಶಾಖದಲ್ಲಿ ಮದುವೆ ಅಂತಲೂ ಆಯಿತು. ಆದರೆ ಆ ನಗು ಬಸ್ಸಮ್ಮನ ಕಿವಿಯಲ್ಲಿ ಕೂತುಬಿಟ್ಟಿತು.

ಆ ದಿನ ಸಂಜೆ ಊಟಕ್ಕೆ ಕೂತಾಗ ಅವಳು ಮಾತು ತೆಗೆದಳು. ಸೊಸೆ ಹುಲಗೆಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಗ ಮೌನಪ್ಪ ಪುಂಡಿಪಲ್ಲೆಯಲ್ಲಿ ರೊಟ್ಟಿ ಅದ್ದುತ್ತಿದ್ದ. ಅವನು ಊರಲ್ಲಿ ಗವಂಡಿ ಕೆಲಸಕ್ಕೆ ಹೋಗುತ್ತಿದ್ದ, ಗೋಡೆಗೆ ಸಿಮೆಂಟು ಮೆತ್ತಿ ನುಣುಪು ಮಾಡುವ ಗಿಲಾಯಿಯಲ್ಲಿ ಅವನ ಕೈ ಮೇಲು ಎಂದು ಹೆಸರಾಗಿತ್ತು.

"ಮದಿವಿಗೆ ದೇವದುರ್ಗದಿಂದ ಮಾಸ್ತರಗೋಳು ಬರ್ತಾರ" ಅಂದಳು ಬಸ್ಸಮ್ಮ. "ಆ ಪಾಚಿಗ್ವಾಡಿ ಮುಂದ ಅವರ್ನ ಊಟಕ್ಕ ಕುಂದರಸಬೇಕೇನು?"

"ಅವರು ಎಲಿ ನೋಡಿ ಉಣ್ತಾರೋ, ಗ್ವಾಡಿ ನೋಡಿ ಉಣ್ತಾರೋ?" ಅಂದ ಸೂಗಪ್ಪ.

"ಯಪ್ಪಾ, ಊರ ಮಂದಿ ಮನಿಗೆಲ್ಲ ನಾ ಗಿಲಾಯಿ ಮಾಡ್ತೀನಿ. ನಮ್ಮ ಮನಿ ನೋಡಿದ್ರ ದನದ ದೊಡ್ಡಿ ಕಂಡಂಗ ಕಾಣ್ತದ. ನನಗ ನಾಚಿಕಿ ಬರ್ತದ."

"ಈ ಗ್ವಾಡಿ ಬೆನ್ನಿಗೆ ಮಣ್ಣದಲೇ. ಮಣ್ಣು ನೀರು ಕುಡಿತದ. ಕುಡಿದದ್ದು ಎಲ್ಲಿಗ್ಯಾರ ಹೋಗಬೇಕಲ್ಲ. ಸಂದಿ ಮುಚ್ಚಿದ್ರ ಗ್ವಾಡಿನ್ನ ದೂಕ್ತದ."

"ಸಿಮೆಂಟ್ ಅಂದ್ರ ಏನಂತ ತಿಳದಿ? ಡ್ಯಾಮ್ ನಿಂತಾವ ಅದರ ಮ್ಯಾಲ."

"ಡ್ಯಾಮಿಗೂ ಬಾಗಲಾ ಇಟ್ಟಾರ, ಮಗನ."

ಮೌನಪ್ಪ ತಾಟು ಸರಿಸಿ ಎದ್ದ. "ಈ ಮನ್ಯಾಗ ನನ್ನ ಮಾತಿಗಿ ಕಿಮ್ಮತ್ತಿಲ್ಲಂದ್ರ ನಾ ಬ್ಯಾರೆ ಆಗ್ತೀನಿ. ಊರಾಗ ಬಾಡಗಿ ಮನಿ ಸಿಗ್ತಾವ."

ಬಸ್ಸಮ್ಮನಿಗೆ ಈ ಲೋಕದಲ್ಲಿ ಬೇಕಿದ್ದದ್ದು ಹೆಚ್ಚೇನಲ್ಲ. ಮಗಳು ತಲೆಯೆತ್ತಿಕೊಂಡು ಗಂಡನ ಮನೆಗೆ ಹೋಗಬೇಕು, ಮಗ ಸೊಸೆ ಕಣ್ಣ ಮುಂದೆ ಇರಬೇಕು, ಸೊಸೆಯ ಹೊಟ್ಟೆಯಲ್ಲಿ ಆಗಷ್ಟೇ ನಿಂತ ಕೂಸು ಈ ಅಂಗಳದಲ್ಲಿ ಅಂಬೆಗಾಲಿಡಬೇಕು. ಇಷ್ಟಕ್ಕೆ ಒಂದು ಗೋಡೆ ಅಡ್ಡ ಬಂದರೆ ತಪ್ಪು ಗೋಡೆಯದೇ ಅಂತ ಅವಳು ತೀರ್ಮಾನಿಸಿದಳು.

ಮುಂದೆ ವಾರಗಟ್ಟಲೆ ಅಪ್ಪ ಮಗನಿಗೆ ಮಾತಿಲ್ಲ. ಒಬ್ಬ ಉಂಡೆದ್ದ ಮೇಲೆ ಇನ್ನೊಬ್ಬ ಬರುತ್ತಿದ್ದ. ಹೇಳುವುದೆಲ್ಲ ಹುಲಗೆಮ್ಮನ ಮೂಲಕ. "ನಿನ್ನ ಮಾವಗ ಹೇಳು, ಗಿಲಾಯಿ ಮಾಡಿದ್ರ ಮದಿವಿಗೆ ನಿಂದರತೀನಿ." "ನಿನ್ನ ಗಂಡಗ ಹೇಳು, ಮದಿವಿ ತಂಗಿದು, ಗ್ವಾಡಿದಲ್ಲ." ಆ ಬಡ ಹುಡುಗಿ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಅಲ್ಲಿಂದಿಲ್ಲಿಗೆ ಓಡಾಡಿ ಎರಡೂ ಕಡೆ ಹೂಂಗುಟ್ಟುತ್ತಿದ್ದಳು. ಎರಡು ಕಲ್ಲಿನ ನಡುವೆ ಕಾಳು ಸಿಕ್ಕಂತೆ ಅವಳ ಪಾಡು.

ಕೊನೆಗೆ ಸೂಗಪ್ಪನನ್ನು ಕರಗಿಸಿದವಳು ವೆಂಕಮ್ಮ. ಅಪ್ಪನ ಕಾಲಿಗೆ ಎಣ್ಣೆ ತಿಕ್ಕುತ್ತಾ, "ನೀವು ಇಲ್ಲೇ ಇರೂರು ಯಪ್ಪಾ. ಅಲ್ಲಿ ಹೋಗಿ ಮಾತು ಕೇಳಾಕಿ ನಾನು" ಅಂದಳು. ಮುದುಕ ಅವಳ ಮುಖ ನೋಡಿದ, ಕೆರೆ ನೋಡಿದ.

"ಮಾಡ್ಲಿ. ಅಡೀಲೆ ಕಿಂಡಿ ಬಿಡ್ಲಿ, ನೀರಿಗೆ ದಾರಿ ಇರ್ಲಿ. ಆದ್ರ ಗಿಲಾಯಿ ಆದ ಮ್ಯಾಲ ಆ ಗ್ವಾಡಿ ಮಾರಿ ನಾ ನೋಡಂಗಿಲ್ಲ" ಅಂದ.

ಕಿಂಡಿಗೆ ಬೇಕಾದ ಬಿದಿರಿನ ತುಂಡುಗಳನ್ನು ಅವನೇ ಕೊಯ್ದು, ಒಳಗಿನ ಗಿಣ್ಣು ಒಡೆದು, ಹುಲಗೆಮ್ಮನ ಕೈಗೆ ಕೊಟ್ಟ. ಆಗ ಸರ್ಕಾರದ ಪರ್ಮಿಟ್ಟಿಲ್ಲದೆ ಸಿಮೆಂಟು ಸಿಗುತ್ತಿರಲಿಲ್ಲ. ಮೌನಪ್ಪ ಕೆಲಸ ಮಾಡಿದಲ್ಲೆಲ್ಲ ಉಳಿದದ್ದನ್ನು ಕೇಳಿ ತಂದು ಕೂಡಿಸಿದ. ಗಿಲಾಯಿ ಮುಗಿದು, ಮೇಲೆ ಸುಣ್ಣ ಬಳಿದ ದಿನ ಓಣಿಯ ಹೆಂಗಸರೆಲ್ಲ ಕೆಳದಾರಿಗೆ ಬಂದು ನೋಡಿದರು. "ಬಸ್ಸಮ್ಮಾ, ನಿಮ್ಮ ಮನಿ ಕಚೇರಿ ಆದಂಗ ಆಗ್ಯದ ಬಿಡು" ಅಂದರು. ಬಸ್ಸಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಸೂಗಪ್ಪ ಮಾತ್ರ ಅಂದಿನಿಂದ ಮೇಲಿನ ಓಣಿಯಿಂದಲೇ ಬಂದು ಹೋಗತೊಡಗಿದ. ಹಠದಲ್ಲಿ ಅವನೇನು ಕಡಿಮೆಯವನಲ್ಲ.

ವೈಶಾಖದ ಹೊತ್ತಿಗೆ ಕೆರೆಯ ನೀರು ಹಿಂದೆ ಸರಿದು, ಗೋಡೆಯ ಕೆಳಗೆ ಒಣ ನೆಲ ಬಿಡುತ್ತದೆ. ಹಂದರ ಹಾಕಿದ್ದು ಅಲ್ಲೇ. ಮಾವಿನ ತೊಪ್ಪಲು, ಈಚಲು ತಡಿಕೆ, ಬಾಳೆ ಕಂದು. ಬಿಳಿ ಗೋಡೆಯ ಮುಂದೆ ಅದೆಲ್ಲ ಎಷ್ಟು ಚಂದ ಕಂಡಿತೆಂದರೆ ಮಾನ್ವಿಯ ಸೋದರಮಾವನೂ ತಲೆದೂಗಿದ. ಅಕ್ಕಿಕಾಳು ಬಿದ್ದು ಮದುವೆ ಮುಗಿಯಿತು. ಊಟಕ್ಕೆ ಎಲೆ ಹಾಕಿ, ಗೋದಿಹುಗ್ಗಿಯ ಬೋಗುಣಿ ಇಳಿಸಿದರು. ಗಂಡಿನವರ ಮೊದಲ ಪಂಕ್ತಿ ಗೋಡೆಯ ಬುಡಕ್ಕೇ ಕೂತಿತು.

ಮೇಲೆ ಅಂಗಳದಲ್ಲಿ ಬೆಳಗಿನಿಂದ ಪಾತ್ರೆ ತೊಳೆದ ನೀರು, ಮದುಮಗಳನ್ನು ಮೀಸಿದ ನೀರು ಎಲ್ಲ ಮಣ್ಣಿಗಿಳಿದಿತ್ತು. ಅದು ತನ್ನ ದಾರಿ ಹಿಡಿದು ಕಿಂಡಿಗಳಿಂದ ತೊಟ್ಟಿಕ್ಕಲು ಶುರುವಾಯಿತು. ಸೋದರಮಾವ ಧೋತರ ಎತ್ತಿಕೊಂಡು ಎದ್ದು ನಿಂತ.

"ಏನ್ರೀ ಇದು, ಬಚ್ಚಲದಾಗ ಎಲಿ ಹಾಕೀರಿ?"

ಪಂಕ್ತಿಯಲ್ಲಿದ್ದ ಮಾಸ್ತರರೆಲ್ಲ ತಿರುಗಿ ನೋಡಿದರು. ಬಸ್ಸಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಒಂದು ಗಳಿಗಿ ಕುಂದರ್ರಿ ಅಣ್ಣಾ" ಎಂದವಳೇ ಮೇಲೆ ಓಡಿದಳು. ಕೈಗೆ ಸಿಕ್ಕಿದ್ದು ಗಂಟಿನ ಮೇಲಿದ್ದ ಹಸಿರು ಇಳಕಲ್ ಸೀರೆ. ಉಟ್ಟು ಉಟ್ಟು ಮೆತ್ತಗಾಗಿದ್ದ ಅದನ್ನು ಹುಟ್ಟುವ ಮೊಮ್ಮಗನ ಕೌದಿಗೆಂದು ಎತ್ತಿಟ್ಟಿದ್ದಳು. ಸೆರಗಿನ ಕಡೆಯಿಂದ ಪರ್ರನೆ ಹರಿದು, ತುಂಡುಗಳನ್ನು ಹುರಿ ಮಾಡಿ, ಹುಗ್ಗಿ ತಿರುವುವ ಕೋಲಿನಿಂದ ಒಂದೊಂದು ಕಿಂಡಿಗೂ ಗಟ್ಟಿಯಾಗಿ ತುರುಕಿದಳು. ಮೇಲೆ ಈಚಲು ತಡಿಕೆ ಒರಗಿಸಿದಳು. ನೀರು ನಿಂತಿತು. ಪಂಕ್ತಿ ಮತ್ತೆ ಕೂತಿತು, ಹುಗ್ಗಿಗೆ ತುಪ್ಪ ಬಿತ್ತು. ಸಂಜೆ ಬೀಗರ ಬಂಡಿ ಹೊರಟ ಮೇಲೆ ತೆಗೆದರಾಯಿತು ಅಂದುಕೊಂಡಳು.

ಸಂಜೆ ಮಗಳನ್ನು ಕಳಿಸಿಕೊಡುವಾಗ ಅತ್ತಳು, ಮರುದಿನವೂ ಅತ್ತಳು. ಮೂರನೆಯ ದಿನ ಕಿಂಡಿಯ ನೆನಪಾಗಿ ಕೆಳಗಿಳಿದು ಬಂದು ತಡಿಕೆಗೆ ಕೈ ಹಾಕಿದವಳು ಹಾಗೇ ನಿಂತಳು. ಮಗಳು ಮೊದಲ ಸಲ ತವರಿಗೆ ತಿರುಗಿ ಬರುವತನಕ ಹಂದರದ ಎಲೆಯನ್ನೂ ಕದಲಿಸಬಾರದು ಎಂಬುದು ಅವರ ಮನೆತನದ ನೇಮ. ಹಂದರ ಕದಲಿದರೆ ಮಗಳ ಬಾಳು ಕದಲುತ್ತದೆ ಎಂದು ಅತ್ತೆ ಅವಳಿಗೆ ಹೇಳಿಕೊಟ್ಟಿದ್ದಳು. ಒಂಬತ್ತು ದಿನಕ್ಕೆ ಬರುವಳಲ್ಲ, ಆಮೇಲೆ ತೆಗೆಯೋಣ ಎಂದು ಕೈ ಹಿಂದೆ ತೆಗೆದಳು.

ಒಂಬತ್ತು ದಿನಕ್ಕೆ ವೆಂಕಮ್ಮ ಬರಲಿಲ್ಲ. ಮಲ್ಲಟದಲ್ಲಿ ಗಂಡನ ಅಜ್ಜಿ ತೀರಿಕೊಂಡು ಸೂತಕ ಬಂತು. ಅದು ಕಳೆಯುವಷ್ಟರಲ್ಲಿ ದೇವದುರ್ಗದಲ್ಲಿ ಸಾಲೆ ತೆರೆಯುವ ಹೊತ್ತಾಯಿತು. "ಹೆಂಗೂ ಆಷಾಢಕ್ಕ ಕಳಸೂದದ, ಆವಾಗ್ಲೇ ಕಳಸ್ತೀವಿ" ಎಂದು ಬೀಗರು ಹೇಳಿ ಕಳಿಸಿದರು. ತೊಪ್ಪಲು ಒಣಗಿ ಗರಗರ ಎನ್ನುತ್ತಿತ್ತು, ಆಡುಗಳು ಬಂದು ತಿನ್ನುತ್ತಿದ್ದವು. ಬಸ್ಸಮ್ಮ ಆಡು ಬೆನ್ನಟ್ಟಿ ತಡಿಕೆ ಕಾದಳು. ಗಂಡನಿಗೆ ಕೇಳೋಣವೆಂದರೆ ಅವನು ಆ ಕಡೆ ಇಳಿಯುತ್ತಿರಲಿಲ್ಲ. ಕೇಳಿದರೆ ಯಾಕೆ ಮುಚ್ಚಿದೆ ಎಂದಾನು. ಮಗನಿಗೆ ಹೇಳಿದರೆ ಕಿಂಡಿ ಬೇಕೆಂದ ಅಪ್ಪನನ್ನೇ ಆಡಿಕೊಂಡಾನು. ಬಿಸಿಲುಗಾಲ, ಅವಸರವೇನು ಎಂದು ತನಗೆ ತಾನೇ ಹೇಳಿಕೊಂಡಳು.

ಆ ವರ್ಷ ಮಿರಗದ ಮಳೆ ಹಿಡಿಯಿತೆಂದರೆ ಬಿಡಲೇ ಇಲ್ಲ. ಮೊದಮೊದಲು ಎಲ್ಲರಿಗೂ ಖುಷಿಯೇ. ಹುಲಗೆಮ್ಮ ತುಂಬಿದ ಹೊಟ್ಟೆ ಹೊತ್ತು, ಸೋರುವಲ್ಲಿ ಬೋಗುಣಿ ಇಡುತ್ತಾ ಓಡಾಡಿದಳು. ಒಂದು ಬೆಳಿಗ್ಗೆ ಅಡಿಗೆ ಮನೆಯಿಂದ ಕರೆದಳು.

"ಅತ್ತಿ, ಒಲಿ ಹಿಂದ ನೆಲ ಸೀಳ್ಯದ ನೋಡ್ರಿ. ಕಡ್ಡಿ ಹಾಕಿದ್ರ ಪೂರಾ ಇಳೀತದ."

ಬಸ್ಸಮ್ಮ ನೋಡಿದಳು. ನೋಡಿದ ಕೂಡಲೇ ಅವಳಿಗೆ ಒಳಗೊಳಗೇ ತಿಳಿಯಿತು. ತಿಳಿದದ್ದನ್ನು ಬಾಯಿಗೆ ತರಲಿಲ್ಲ.

"ಮಳಿಗೆ ಹಂಗ ಸೀಳ್ತದ. ಸಗಣಿ ಕಲಸು, ಸಾರಸ್ತೀನಿ" ಅಂದಳು.

ಸಾರಿಸಿದಳು. ಮಧ್ಯಾಹ್ನದ ಹೊತ್ತಿಗೆ ಮಳೆ ನಿಂತು ಬಿಸಿಲು ಬಿತ್ತು. ಸಾರಿಸಿದ ಸಗಣಿಯ ನಡುವೆಯೇ ಸೀಳು ಮತ್ತೆ ಬಾಯಿ ತೆರೆದಿತ್ತು. ಇನ್ನು ಹಂದರ ಕದಲಿದರೆ ಕದಲಲಿ, ದೇವರಿಗೆ ತಪ್ಪೊಪ್ಪಿಕೊಂಡರಾಯಿತು ಅಂದುಕೊಂಡು ಬಸ್ಸಮ್ಮ ಸೀರೆ ಎತ್ತಿ ಕಟ್ಟಿ ಕೆಳಗಿನ ಮೆಟ್ಟಿಲಿಗೆ ಹೊರಟಳು. ಹಿಂದೆ ಹುಲಗೆಮ್ಮ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಮೆಟ್ಟಿಲ ತಿರುವಿಗೆ ಬಂದಾಗ ಬಿಳಿ ಗೋಡೆ ಬಸುರಿಯ ಹಾಗೆ ಹೊಟ್ಟೆ ಬಿಟ್ಟು ನಿಂತದ್ದು ಕಂಡಿತು. ಅವಳು "ಹುಲಗೀ" ಎಂದು ಕೂಗುವುದಕ್ಕೂ ಗೋಡೆ ಮಗುಚುವುದಕ್ಕೂ ಸರಿಹೋಯಿತು. ರೊಟ್ಟಿಯ ಸದ್ದು ನಿಂತಿತು.

ಓಣಿಯೆಲ್ಲ ಓಡಿ ಬಂತು. ಅರ್ಧ ಅಡಿಗೆ ಮನೆ, ಅಂಗಳ, ಬೇವಿನ ಗಿಡ, ಹಂದರ ಎಲ್ಲ ಒಂದೇ ಕೆಸರಿನ ರಾಶಿಯಾಗಿತ್ತು. ಸೂಗಪ್ಪ ಬರೀ ಕೈಯಲ್ಲಿ ಕಲ್ಲು ಕೀಳುತ್ತಿದ್ದ. ಹುಲಗೆಮ್ಮನನ್ನು ಎತ್ತಿ ನೆರೆಮನೆಯ ನಬೀಸಾಬನ ಬಂಡಿಯಲ್ಲಿ ದವಾಖಾನೆಗೆ ಒಯ್ದರು. ಅವಳು ಉಳಿದಳು. ಹೊಟ್ಟೆಯಲ್ಲಿದ್ದ ಗಂಡು ಕೂಸು ಉಳಿಯಲಿಲ್ಲ.

ಕೂಸನ್ನು ಮಣ್ಣು ಮಾಡಿ ಬಂದ ಮೌನಪ್ಪ ಅಪ್ಪನ ಎದುರಿಗೆ ನಿಂತ. ಸೂಗಪ್ಪ ಕಲ್ಲಿನ ರಾಶಿಯ ಹತ್ತಿರ ಕೂತಿದ್ದ. ಕೈಯ ಬೆರಳೆಲ್ಲ ಒಡೆದು ರಕ್ತ ಹೆಪ್ಪುಗಟ್ಟಿತ್ತು.

"ನಿನ್ನ ಗ್ವಾಡಿ ನನ್ನ ಕೂಸಿನ್ನ ತಿಂತು" ಅಂದ ಮಗ. "ಹೇಳು, ಗಿಲಾಯಿ ಮಾಡಿದ್ದಕ್ಕ ಬಿತ್ತು ಅಂತ ಹೇಳು. ಕಿಂಡಿ ಬಿಡು ಅಂದಿ, ಬಿಟ್ಟೆ. ಬಿದಿರು ಕೊಟ್ಟಿ, ಇಟ್ಟೆ. ಇನ್ನ ನಂದೇನು ತಪ್ಪು?"

ಬಸ್ಸಮ್ಮ ಬಾಗಿಲಲ್ಲಿ ನಿಂತಿದ್ದಳು. ಈಗ ಸೂಗಪ್ಪ ಎದ್ದು ಮಗನ ಮೇಲೆ ಹರಿಹಾಯುತ್ತಾನೆ ಎಂದುಕೊಂಡಳು. ಗಂಡನ ಬಾಯಲ್ಲಿ ತಪ್ಪು ನನ್ನದು ಎಂಬ ಮಾತನ್ನು ಅವಳು ಇಷ್ಟು ವರ್ಷದ ಸಂಸಾರದಲ್ಲಿ ಕೇಳಿರಲಿಲ್ಲ.

"ನಿಂದೇನೂ ಇಲ್ಲ" ಅಂದ ಸೂಗಪ್ಪ. "ಬುನಾದಿ ಹಗೂರ ಇಟ್ಟಿದ್ದೆ. ತಪ್ಪು ನಂದು."

"ಮೌನ್ಯಾ..." ಎಂದು ಬಸ್ಸಮ್ಮ ಒಂದು ಹೆಜ್ಜೆ ಮುಂದಿಟ್ಟಳು.

"ನೀ ಒಳಗ ನಡಿ ಬೇ" ಅಂದ ಗಂಡ. ಅವಳು ಒಳಗೆ ನಡೆದಳು. ಆ ಹೊತ್ತು ಒಳಗೆ ಹೋಗಲು ಹೇಳಿದ್ದು ಅವಳಿಗೆ ಬೇಕೂ ಆಗಿತ್ತು. ಅದನ್ನು ನೆನೆದು ಆಮೇಲೆ ಎಷ್ಟೋ ಸಲ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

ಮೌನಪ್ಪ ಹೆಂಡತಿಯನ್ನು ದವಾಖಾನೆಯಿಂದ ನೇರ ಗಿಲ್ಲೆಸುಗೂರಿನ ಅವಳ ತವರಿಗೆ ಕರೆದೊಯ್ದ. ಅಲ್ಲಿಂದ ದೇವದುರ್ಗದ ಕಡೆ ಗವಂಡಿ ಕೆಲಸ ಹಿಡಿದು ಅಲ್ಲೇ ಮನೆ ಮಾಡಿದ. ಪೆಟ್ಟಿಗೆ ಒಯ್ಯಲು ಬಂದಾಗ ತಾಯಿಗೆ ಹೇಳಿದ: "ನಿನ್ನ ನೋಡಾಕ ಬರ್ತೀನಿ ಯವ್ವಾ. ಅವನ ಮಾರಿ ನೋಡಂಗಿಲ್ಲ."

ಊರ ಬಾಯಿಗೆ ಮುಚ್ಚಳವೆಲ್ಲಿ. ತನ್ನ ಮನೆಯ ಗೋಡೆ ನಿಲ್ಲಿಸಲಾರದವ ಎಂದು ಸಂತೆಯಲ್ಲಿ ಆಡಿಕೊಂಡರು. ಕೆರೆಯಾಚೆ ಅಬ್ದುಲ್ ವಹೀದ್ ಸಾಹೇಬರ ಮಾವಿನ ತೋಟಕ್ಕೆ ಮಳೆ ಮುಗಿದ ಮೇಲೆ ಗೋಡೆ ಕಟ್ಟುವುದಿತ್ತು, ಸೂಗಪ್ಪನಿಗೆ ಎಲೆ ಅಡಿಕೆ ಕೊಟ್ಟು ಹೇಳಿದ್ದರು. ಈಗ ಮನೆಗೇ ಬಂದು, "ಸೂಗಪ್ಪ, ಈ ವರ್ಷ ಇರ್ಲಿ ಬಿಡು. ನಿನಗೂ ವಯಸ್ಸಾತು" ಅಂದರು. ಸೂಗಪ್ಪ "ಆತ್ರಿ ಸಾಹೇಬ್ರ" ಎಂದು ಅವರಿಗೆ ನೀರು ಕೊಡಿಸಿದ. ಆ ವರ್ಷ ಗೋಡೆ ಕಟ್ಟಿದವರು ಬೇರೆಯವರು.

ಆಷಾಢಕ್ಕೆ ವೆಂಕಮ್ಮ ಬಂದಳು. ಬಿಚ್ಚಲು ಹಂದರವೇ ಉಳಿದಿರಲಿಲ್ಲ. ತಾಯಿಯ ಕೊರಳಿಗೆ ಬಿದ್ದು ಅತ್ತು, ಸೋಗೆ ಹೊದಿಸಿದ ಹೊರಗಿನ ಒಲೆಯಲ್ಲಿ ಅಡಿಗೆ ಮಾಡಿ ಹಾಕಿದಳು. ಒಂದು ದಿನ ಜೋಳ ಹಸನು ಮಾಡುತ್ತಾ ಕೂತಾಗ ಬಸ್ಸಮ್ಮ ಕೇಳಿದಳು.

"ಅಲ್ಲಿ ಏನಂತಾರವ್ವಾ? ಗ್ವಾಡಿ ಸುದ್ದಿ ಎತ್ತತಾರೇನು?"

"ಯಾವ ಗ್ವಾಡಿ?"

"ಅದ, ಬೆವರತದ ಅಂತ ಮಾನ್ವಿ ಮಾವ ಅಂದಿದ್ನಲ್ಲ."

"ಅದನ್ನೇನು ಅವರು ನೆನಪಿಟ್ಟಾರ ಯವ್ವಾ. ಹಂಗ ನಗಚಾಟಿಕಿ ಮಾಡೂದು ಆ ಮಾವನ ಚಾಳಿ. ನಮ್ಮ ಮನಿಗೆ ಬಂದ್ರ ನಮ್ಮ ಬಾಗಲಕೂ ಏನರೆ ಅಂತಾನ." ವೆಂಕಮ್ಮ ಮೊರ ಕೊಡವಿ ಒಳಗೆ ಹೋದಳು. ಬಸ್ಸಮ್ಮನ ಕೈಯಲ್ಲಿದ್ದ ಜೋಳ ಕೈಯಲ್ಲೇ ಉಳಿಯಿತು.

ಮಗಳು ಹಿಂದಿರುಗಿದ ಮೇಲೆ, ಮಳೆ ಕಡಿಮೆಯಾದ ಹೊತ್ತಿಗೆ ಸೂಗಪ್ಪ ಹಾರೆ ಹಿಡಿದು ಕೆಳಗಿಳಿದ. ಬಿದ್ದ ಕಲ್ಲುಗಳನ್ನು ಕೆಸರಿನಿಂದ ಬಿಡಿಸಿ, ಗಿಲಾಯಿಯ ಹಕ್ಕಳೆ ಕೆತ್ತಿ, ದೊಡ್ಡದು ಸಣ್ಣದು ಬೇರೆ ಮಾಡಿದ. ಕೂಲಿಯವರನ್ನು ಕರೆಯಲಿಲ್ಲ, ಕರೆಯುವ ಚೈತನ್ಯವೂ ಇರಲಿಲ್ಲ. ಎರಡು ದಿನ ನೋಡಿ ಬಸ್ಸಮ್ಮನೂ ಸೀರೆ ಎತ್ತಿ ಕಟ್ಟಿ ಇಳಿದಳು. ಗೋಡೆ ಮತ್ತೆ ಎದ್ದರೆ ಮಗ ಮರಳಿ ಬಂದಾನು ಎಂಬ ಆಸೆ ಅವಳಿಗೆ. ಹರೆಯದಲ್ಲಿ ಹೊತ್ತ ಕಲ್ಲುಗಳೇ. ಆಗ ಬಾಯಲ್ಲಿ ಹಾಡಿರುತ್ತಿತ್ತು, ಈಗ ಏದುಸಿರು.

"ಬರೀ ತಲಿ ಮ್ಯಾಲ ಹೊರಬ್ಯಾಡ" ಎಂದು ಒಂದು ಬೆಳಿಗ್ಗೆ ಸೂಗಪ್ಪ ಅವಳ ಕೈಗೆ ಸಿಂಬಿ ಕೊಟ್ಟ. ತಾನೇ ಸುತ್ತಿ, ಸೆಣಬಿನ ದಾರದಿಂದ ಬಿಗಿದಿದ್ದ. ತಲೆಯ ಮೇಲಿಡಲು ಹೋದವಳು ಅದನ್ನು ಕಣ್ಣ ಮುಂದೆ ಹಿಡಿದಳು. ಒಗೆದು ಒಗೆದು ಬಣ್ಣ ಹೋಗಿದ್ದರೂ ಹಸಿರು ಹಸಿರೇ, ಅಂಚಿನ ಕೆಂಪು ಕೆಂಪೇ. ಬಿದಿರಿನ ದುಂಡಗಿನ ಗುರುತು ಬಟ್ಟೆಯ ಮೇಲೆ ಕರೆಗಟ್ಟಿ ಉಳಿದಿತ್ತು. ಅವಳು ಕೂತುಬಿಟ್ಟಳು.

"ಯಾವಾಗ ಸಿಕ್ಕವು?"

"ಅವತ್ತ. ಹುಲಗಿನ್ನ ತಗಿಯೂಮುಂದ."

"ಮೌನ್ಯಾ ನಿನಗ ಅಷ್ಟು ಅಂದ. ಯಾಕ ಹೇಳಲಿಲ್ಲ ನೀ?"

ಸೂಗಪ್ಪ ಕೈಯಲ್ಲಿದ್ದ ಕಲ್ಲನ್ನು ತಿರುಗಿಸಿ ಮುಖ ಹುಡುಕುತ್ತಿದ್ದ. "ಮಗ ಅಪ್ಪನ ಮ್ಯಾಲ ಸಿಟ್ಟು ಮಾಡಿಕೊಂಡ್ರ ಅವ್ವನ ಕಡಿಗೆ ಬರ್ತಾನ. ಅವ್ವನ ಮ್ಯಾಲ ಮಾಡಿಕೊಂಡ್ರ ಯಾರ ಕಡಿಗೆ ಬರಬೇಕು? ನೀ ಬಾಯಿ ಬಿಡಬ್ಯಾಡ. ನಾನೂ ಇಳಿದು ಬಂದು ನೋಡಬೇಕಿತ್ತು, ನೋಡಲಿಲ್ಲ. ಹೊರು ಕಲ್ಲು."

ಬಸ್ಸಮ್ಮ ಅತ್ತಳು. ಅತ್ತು ಮುಗಿದ ಮೇಲೆ ಸಿಂಬಿ ಇಟ್ಟುಕೊಂಡು ಕಲ್ಲು ಹೊತ್ತಳು. ಗೋಡೆ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು.

ದೀಪಾವಳಿಗೆ ಮೌನಪ್ಪ ಬಂದ. ಮೇಲಿನ ಓಣಿಯಿಂದ ಬಂದು, ತಾಯಿಗೆ ಕುಪ್ಪಸದ ಕಣ ಕೊಟ್ಟು ಕಾಲು ಮುಟ್ಟಿದ. ಬಸ್ಸಮ್ಮ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿ ಎದುರಿಗೆ ಕೂತಳು. ಮಗ ಸೊರಗಿದ್ದ.

"ಹುಲಗಿ ಹ್ಯಾಂಗದಾಳ?"

"ಅಡ್ಡಾಡ್ತಾಳ. ಮಾತು ಕಮ್ಮಿ." ಅವನು ರೊಟ್ಟಿ ಮುರಿದ. ಕೆಳಗಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. "ನಿನ್ನ ಸಲುವಾಗಿ ಬಂದೀನಿ ಯವ್ವಾ, ಮತ್ತ ಯಾರ ಸಲುವಾಗಿ ಅಲ್ಲ. ಅವ ಇನ್ನೂ ಕಲ್ಲು ಒಟ್ಟಾಕತ್ತಾನೇನು? ಒಂದು ಕೂಸು ತಿಂದದ್ದು ಸಾಲಲಿಲ್ಲೇನು ಅವಗ?"

ಬಸ್ಸಮ್ಮ ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದಳು. ಹೇಳಬೇಡ ಎಂದು ಗಂಡ ಹೇಳಿದ್ದ. ಹೇಳದಿದ್ದರೆ ಮಗ ಹೀಗೇ ಬರುತ್ತಾನೆ, ಹೀಗೇ ಎದುರಿಗೆ ಕೂತು ಉಣ್ಣುತ್ತಾನೆ. ಕೆಳಗೆ ಸುತ್ತಿಗೆ ಒಂದು ಸಲ ತಪ್ಪಿ, ಮತ್ತೆ ಬಡಿಯಿತು. ಅವಳು ಎದ್ದು ಗೂಟಕ್ಕೆ ಸಿಕ್ಕಿಸಿದ್ದ ಸಿಂಬಿ ತಂದು ತಾಟಿನ ಪಕ್ಕ ಇಟ್ಟಳು.

"ಇದರ ಗುರ್ತದೇನು ನಿನಗ?"

"ಕೂಸಿನ ಕೌದಿಗೆ ಇಟ್ಟಿದ್ದ ಸೀರಿ ಅಲ್ಲೇನಿದು?"

"ಹೂಂ. ಇದನ್ನ ಹರಿದು ನಿನ್ನ ಕಿಂಡಿಗೆ ತುರುಕಿದಾಕಿ ನಾನು. ಮದಿವಿ ದಿನ ಎಲಿ ಮ್ಯಾಲ ನೀರು ಬಂತಂತ. ಹಂದರ ಮುಟ್ಟಬಾರದಂತ ತಗೀಲಿಲ್ಲ. ನಿಮ್ಮಪ್ಪನ ಬುನಾದಿ ಗಟ್ಟಿನ ಇತ್ತು."

ಮೌನಪ್ಪ ಕೂಗಾಡಲಿಲ್ಲ. ಸಿಂಬಿಯನ್ನು ಮುಟ್ಟಲೂ ಇಲ್ಲ.

"ನೆಲ ಸೀಳ್ಯದ ಅಂತ ಹುಲಗಿ ನಿನಗ ಹೇಳಿದ್ಲಂತ" ಅಂದ. "ಆವಾಗ ಏನ ಮಾಡಿದಿ?"

"ಸಗಣಿ ಸಾರಿಸಿದೆ."

ಅವನು ಮುರಿದ ರೊಟ್ಟಿಯನ್ನು ತಾಟಿನಲ್ಲಿ ಬಿಟ್ಟು, ಹೊರಗೆ ಹೋಗಿ ಕೈ ತೊಳೆದು, ಚೀಲ ಹೆಗಲಿಗೇರಿಸಿಕೊಂಡ. ಓಣಿಯ ಕಡೆ ಹೋಗಲಿಲ್ಲ, ಕೆಳಗಿನ ಮೆಟ್ಟಿಲು ಇಳಿದ. ಬಸ್ಸಮ್ಮ ಅಂಗಳದ ಮುರುಕಿನಿಂದ ನೋಡಿದಳು. ಸೂಗಪ್ಪ ಒಂದು ಮೂಲೆಗಲ್ಲಿಗೆ ಹಾರೆ ಕೊಟ್ಟು ಒಬ್ಬನೇ ಹೆಣಗುತ್ತಿದ್ದ. ಮೌನಪ್ಪ ಚೀಲ ಇಳಿಸಿ, ಅಪ್ಪನ ಕೈಯಿಂದ ಹಾರೆ ತೆಗೆದುಕೊಂಡು ಕಲ್ಲನ್ನು ಎಬ್ಬಿಸಿ ಕೂಡಿಸಿದ. ಮುದುಕ ಅದರ ಕೆಳಗೆ ತೆಳ್ಳನೆಯ ಚಿಪ್ಪುಕಲ್ಲು ಸಿಕ್ಕಿಸಿದ. ಕಲ್ಲು ಅಲುಗದೆ ಕೂತದ್ದನ್ನು ಕೈಯಿಂದ ಒತ್ತಿ ನೋಡಿ ಮಗ ಚೀಲ ಎತ್ತಿಕೊಂಡ.

"ಬರ್ತೀನಿ ಯಪ್ಪಾ" ಅಂದ.

ಬಸ್ಸಮ್ಮ ಮೇಲೆ ಕಾದು ನಿಂತಿದ್ದಳು. ಅವನು ತಲೆಯೆತ್ತಲಿಲ್ಲ. ಕೆರೆಯ ಕೆಳದಾರಿ ಹಿಡಿದು ಹೋದ.

ಸ್ವಲ್ಪ ಹೊತ್ತಿಗೆ ಸೂಗಪ್ಪ ಮೇಲೆ ಬಂದ. ತಾಟು, ಸಿಂಬಿ, ಹೆಂಡತಿಯ ಮುಖ ನೋಡಿದ.

"ಹೇಳಿದೇನು?"

"ಹೇಳಿದೆ."

ಅವನು ಬೈಯಲಿಲ್ಲ. ಮಗ ಬಿಟ್ಟುಹೋದ ತಾಟಿನ ಮುಂದೆ ಕೂತು, ಉಳಿದ ರೊಟ್ಟಿಯನ್ನು ಎರಡು ಪಾಲು ಮಾಡಿ, ಒಂದನ್ನು ಅವಳ ಕೈಗಿಟ್ಟ.

"ಉಣ್ಣು. ಇನ್ನ ಕಲ್ಲು ಭಾಳ ಅದಾವ."

ಉಂಡು, ತಾಟು ತೊಳೆದಿಟ್ಟು ಅವಳು ಅವನ ಹಿಂದೆ ಇಳಿದಳು. ಅವನು ಕಲ್ಲು ಎತ್ತಿ ಸಿಂಬಿಯ ಮೇಲಿಟ್ಟ. ರಸ್ತೆಯ ಕಡೆ ದೇವದುರ್ಗದ ಬಸ್ಸು ಹಾರ್ನು ಹೊಡೆದು ಹೊರಟ ಸದ್ದು ಕೇಳಿಸಿತು. ಬಸ್ಸಮ್ಮ ತಿರುಗಿ ನೋಡಲಿಲ್ಲ. ತಲೆಯ ಮೇಲೆ ಕಲ್ಲಿತ್ತು.